ಆಯ್ಕೆಯ ನಂತರದ ಪ್ರಶ್ನೆ: ನ್ಯಾಯಮೂರ್ತಿಗಳ ನೇಮಕ ಮತ್ತು ನಾಗರಿಕ ಹಕ್ಕುಗಳು

1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಎಡಿಎಂ ಜಬಲ್‌ಪುರ ಪ್ರಕರಣದ ತೀರ್ಪು ಕೊಟ್ಟಿತು. ತುರ್ತು ಪರಿಸ್ಥಿತಿಯಲ್ಲಿ ರಾಷ್ಟ್ರಪತಿಗಳ ಆದೇಶ ಜಾರಿಯಲ್ಲಿರುವವರೆಗೆ, ಆಂತರಿಕ ಭದ್ರತೆಯ ‘ಮೀಸಾ’ ಕಾಯ್ದೆಯಡಿ ಬಂಧಿತರಾದವರು ತಮ್ಮ ಬಂಧನ ಅಕ್ರಮವೆಂದು ಹೈಕೋರ್ಟಿನ ಮೊರೆ ಹೋಗುವಂತಿಲ್ಲ ಎಂದು ಐವರಲ್ಲಿ ನಾಲ್ವರು ಹೇಳಿದರು. ಎ.ಎನ್. ರೇ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ ಒಂದು ಕಡೆ, ಎಚ್.ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. ಈ ತೀರ್ಪಿನ ಮೇಲೆ ಸಾಕಷ್ಟು ಬರಹಗಳು ಬಂದಿವೆ. ಆದರೆ ನ್ಯಾಯಮೂರ್ತಿಗಳ ನೇಮಕವನ್ನು ಚರ್ಚಿಸುವವರು ಇದರಲ್ಲಿನ ಒಂದು ಸಂಗತಿಯನ್ನು ಗಂಭೀರವಾಗಿ ತೆಗೆದುಕೊಂಡಿಲ್ಲ. ಆ ಐವರೂ 1969ರಿಂದ 1973ರ ಒಳಗೆ, ಒಬ್ಬರೇ ಪ್ರಧಾನಿಯ ಕಾಲದಲ್ಲಿ, ಒಂದೇ ವಿಧಾನದಿಂದ ಸುಪ್ರೀಂ ಕೋರ್ಟಿಗೆ ಬಂದವರು. ಆರಿಸುವ ಕೈ ಒಂದೇ ಆಗಿದ್ದರೂ ಫಲ ಒಂದೇ ಆಗಲಿಲ್ಲ.

ಹಾಗಾದರೆ ‘ಯಾರು ಆರಿಸಬೇಕು’ ಎಂಬ ಪ್ರಶ್ನೆಯೊಂದರ ಸುತ್ತಲೇ ನಮ್ಮ ಚರ್ಚೆ ಗಿರಕಿ ಹೊಡೆಯುವುದು ಸರಿಯೇ? ಆರಿಸಿದ ಮೇಲೆ ನ್ಯಾಯಮೂರ್ತಿಯ ಮುಂದೆ ಯಾವ ಆಸೆ, ಯಾವ ಭಯ ಇರುತ್ತದೆ ಎಂಬುದು ಅದರಷ್ಟೇ ತೂಕದ ಪ್ರಶ್ನೆ ಎಂಬುದು ಈ ಲೇಖನದ ವಾದ.

ಅರ್ಹತೆಯ ವಿಷಯದಲ್ಲಿ ಸಂವಿಧಾನ ಹೆಚ್ಚು ಮಾತಾಡುವುದಿಲ್ಲ. 217ನೆಯ ವಿಧಿಯ ಪ್ರಕಾರ ಹತ್ತು ವರ್ಷ ನ್ಯಾಯಾಂಗ ಹುದ್ದೆಯಲ್ಲಿದ್ದವರು ಅಥವಾ ಹತ್ತು ವರ್ಷ ಹೈಕೋರ್ಟಿನಲ್ಲಿ ವಕೀಲಿ ಮಾಡಿದವರು ಹೈಕೋರ್ಟ್ ನ್ಯಾಯಮೂರ್ತಿಯಾಗಬಹುದು. ನಿಷ್ಪಕ್ಷಪಾತ, ಧೈರ್ಯ, ಬಡವನ ಅರ್ಜಿಯನ್ನೂ ಪೂರ್ತಿ ಓದುವ ತಾಳ್ಮೆ ಇವುಗಳನ್ನು ಅಳೆಯುವ ಕೆಲಸ ನೇಮಿಸುವವರ ವಿವೇಚನೆಗೆ ಬಿಟ್ಟದ್ದು. ಮುಖ್ಯ ನ್ಯಾಯಮೂರ್ತಿಯ ಸಮ್ಮತಿ ಇಲ್ಲದೆ ನೇಮಕ ಆಗಕೂಡದೆಂಬ ಸಲಹೆ 1949ರ ಮೇ 24ರಂದು ಸಂವಿಧಾನ ರಚನಾ ಸಭೆಯ ಮುಂದೆ ಬಂದಾಗ ಅಂಬೇಡ್ಕರ್ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಗೂ ಎಲ್ಲರಂತೆ ರಾಗದ್ವೇಷಗಳಿರುತ್ತವೆ ಎಂಬುದು ಅವರ ಆಕ್ಷೇಪ. ಪೂರ್ತಿ ಸರ್ಕಾರದ ಕೈಗೆ ಕೊಡುವುದೂ ಅವರಿಗೆ ಬೇಡವಾಗಿತ್ತು, ಶಾಸಕಾಂಗದ ಒಪ್ಪಿಗೆಗೆ ಬಿಡುವುದೂ ಬೇಡವಾಗಿತ್ತು. ಅವರು ಹಿಡಿದ ನಡುದಾರಿಯೇ ಸಮಾಲೋಚನೆ. ಆ ನಡುದಾರಿ ಎಷ್ಟು ಸಡಿಲವಾಗಿತ್ತೆಂಬುದು ಗೊತ್ತಾಗಲು ಕಾಲು ಶತಮಾನವೂ ಬೇಕಾಗಲಿಲ್ಲ.

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಪ್ರಕರಣದಲ್ಲಿ 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ ಸಂವಿಧಾನದ ಮೂಲರಚನೆಯನ್ನು ಸಂಸತ್ತು ಕೆಡಿಸುವಂತಿಲ್ಲ ಎಂದಿತು. ಮರುದಿನವೇ ಎ.ಎನ್. ರೇ ಮುಂದಿನ ಮುಖ್ಯ ನ್ಯಾಯಮೂರ್ತಿ ಎಂಬ ಸುದ್ದಿ ಆಕಾಶವಾಣಿಯಲ್ಲಿ ಬಂತು. ಸೇವಾ ಜ್ಯೇಷ್ಠತೆಯಲ್ಲಿ ಅವರಿಗಿಂತ ಮುಂದಿದ್ದ ಜೆ.ಎಂ. ಶೆಲಟ್, ಕೆ.ಎಸ್. ಹೆಗ್ಡೆ, ಎ.ಎನ್. ಗ್ರೋವರ್ ಮೂವರೂ ಬಹುಮತದ ಕಡೆ ಇದ್ದವರು; ಮೂವರೂ ರಾಜೀನಾಮೆ ಕೊಟ್ಟರು. ನ್ಯಾಯಮೂರ್ತಿಯ ಜೀವನದೃಷ್ಟಿಯನ್ನು ಗಮನಿಸಿ ಆರಿಸುವ ಹಕ್ಕು ಸರ್ಕಾರಕ್ಕಿದೆ ಎಂದು ಸಚಿವ ಮೋಹನ್ ಕುಮಾರಮಂಗಲಂ ಲೋಕಸಭೆಯಲ್ಲಿ ಸಮರ್ಥಿಸಿಕೊಂಡರು.

ಈ ‘ದೃಷ್ಟಿ’ಯ ವಾದಕ್ಕೆ ಹೆಗ್ಡೆಯವರ ಬದುಕೇ ಉತ್ತರ ಕೊಡುತ್ತದೆ. ಕಾರ್ಕಳ ಸೀಮೆಯ ಕವ್ಡೂರಿನಲ್ಲಿ ಹುಟ್ಟಿದ ಅವರು ದಕ್ಷಿಣ ಕನ್ನಡದಲ್ಲಿ ಸರ್ಕಾರಿ ವಕೀಲರಾಗಿದ್ದರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಸಂಸದ ಸ್ಥಾನ ಬಿಟ್ಟು ನೇರವಾಗಿ ಮೈಸೂರು ಹೈಕೋರ್ಟಿನ ಪೀಠ ಏರಿದರು. ಆಳುವ ಪಕ್ಷದ ಸಂಸದನನ್ನು ಪೀಠಕ್ಕೆ ತಂದರೆ ಇಂದು ಯಾರೂ ಸುಮ್ಮನಿರುವುದಿಲ್ಲ, ಸುಮ್ಮನಿರಲೂಬಾರದು. ಆದರೆ ಅದೇ ಹೆಗ್ಡೆ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿ, 1967ರಿಂದ ಸುಪ್ರೀಂ ಕೋರ್ಟಿನಲ್ಲಿ, ತಮ್ಮ ಹಳೆಯ ಪಕ್ಷದ ಸರ್ಕಾರಕ್ಕೆ ಹಿಡಿಸದ ತೀರ್ಪುಗಳನ್ನು ಬರೆದರು. ಪಕ್ಷದ ಹಿನ್ನೆಲೆಯೊಂದನ್ನೇ ನೋಡಿ ಅಂದಾಜು ಕಟ್ಟಿದವರ ಲೆಕ್ಕ ಇಲ್ಲಿ ತಪ್ಪಾಗುತ್ತಿತ್ತು. ಹದಿನಾರು ವರ್ಷ ಅವರು ಬರೆದ ತೀರ್ಪುಗಳನ್ನು ಓದಿದವರ ಲೆಕ್ಕ ತಪ್ಪಾಗುತ್ತಿರಲಿಲ್ಲ.

ಆ ಏಪ್ರಿಲ್‌ನ ಪಾಠ ಉಳಿದ ನ್ಯಾಯಮೂರ್ತಿಗಳಿಗೆ ತಲುಪಿತ್ತೆಂದು ಭಾವಿಸದಿರುವುದು ಕಷ್ಟ. ಮೂರು ವರ್ಷಗಳ ಬಳಿಕ ಜಬಲ್‌ಪುರ ಪ್ರಕರಣದ ವಾದದ ನಡುವೆ ಖನ್ನಾ, ಸಂವಿಧಾನದ 21ನೆಯ ವಿಧಿಯಲ್ಲಿ ಜೀವದ ಹಕ್ಕೂ ಇದೆಯಲ್ಲ ಎಂದು ನೆನಪಿಸಿ, ಪೊಲೀಸನೊಬ್ಬ ಹಗೆಯಿಂದ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ ಎಂದು ಕೇಳಿದರು. ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದು ಅಟಾರ್ನಿ ಜನರಲ್ ನಿರೇನ್ ಡೇ ಒಪ್ಪಿಕೊಂಡರು. ಆ ಉತ್ತರ ಕೇಳಿದ ಮೇಲೂ ನಾಲ್ವರ ನಿಲುವು ಬದಲಾಗಲಿಲ್ಲ. ಭಿನ್ನ ತೀರ್ಪು ಬರೆದರೆ ಮುಖ್ಯ ನ್ಯಾಯಮೂರ್ತಿ ಪದವಿ ಕೈತಪ್ಪುತ್ತದೆಂದು ಖನ್ನಾ ತಮ್ಮ ತಂಗಿಗೆ ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಅವರನ್ನು ದಾಟಿ ಬೇಗ್ ಅವರನ್ನು ನೇಮಿಸಲಾಯಿತು. ಆಮೇಲೆ ಚಂದ್ರಚೂಡ್, ಭಗವತಿ ಕೂಡ ಆ ಪದವಿಗೆ ಬಂದರು.

ಆ ಮೂವರು ಪದವಿಯ ಆಸೆಗೆ ಹಾಗೆ ಬರೆದರೆಂದು ಆರೋಪಿಸುವುದು ನನ್ನ ಉದ್ದೇಶವಲ್ಲ. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಅದೇ 21ನೆಯ ವಿಧಿಗೆ ಹೊಸ ವಿಸ್ತಾರ ಕೊಟ್ಟವರು ಭಗವತಿಯವರೇ. ವಿದ್ವತ್ತು ಅದೇ, ಮನುಷ್ಯ ಅವರೇ, ಬದಲಾಗಿದ್ದು ಕಾಲ. ಆದ್ದರಿಂದಲೇ ಒಬ್ಬ ನ್ಯಾಯಮೂರ್ತಿಯ ಪಾಂಡಿತ್ಯವನ್ನು ಅಳೆದು ಸುಮ್ಮನಾಗುವ ಆಯ್ಕೆಪದ್ಧತಿ ಅಪೂರ್ಣ ಎನ್ನುತ್ತೇನೆ.

ಹೈಕೋರ್ಟುಗಳ ಕಡೆ ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂಬತ್ತು ಹೈಕೋರ್ಟುಗಳು ಬಂಧಿತರ ಅರ್ಜಿಗಳನ್ನು ವಿಚಾರಣೆಗೆ ಯೋಗ್ಯವೆಂದು ಎತ್ತಿಹಿಡಿದಿದ್ದವು, ಕರ್ನಾಟಕ ಅವುಗಳಲ್ಲೊಂದು. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು 1975ರ ಜೂನ್ 26ರಂದು ಇಲ್ಲಿಯೇ ಬಂಧಿಸಲಾಗಿತ್ತು. ಅವರ ಅರ್ಜಿಗಳನ್ನು ಬಾಗಿಲಲ್ಲೇ ತಳ್ಳಿಹಾಕಲು ನ್ಯಾಯಮೂರ್ತಿ ಡಿ.ಎಂ. ಚಂದ್ರಶೇಖರ್ ಅವರಿದ್ದ ಪೀಠ ಒಪ್ಪಲಿಲ್ಲ. 1976ರಲ್ಲಿ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಒಪ್ಪಿಗೆ ಕೇಳದೆ ವರ್ಗಾಯಿಸಿದಾಗ ಚಂದ್ರಶೇಖರ್ ಅಲಹಾಬಾದಿಗೆ ಹೋಗಬೇಕಾಯಿತು. ಕರ್ನಾಟಕದವರೇ ಆದ ಸದಾನಂದಸ್ವಾಮಿ ಗುವಾಹಟಿಗೆ ಹೋದರು. ಪತ್ರಕರ್ತ ಕುಲದೀಪ್ ನಯ್ಯರ್ ಬಂಧನದ ವಿರುದ್ಧ ತೀರ್ಪಿತ್ತ ದೆಹಲಿ ಪೀಠದ ರಂಗರಾಜನ್ ಅವರಿಗೂ ಗುವಾಹಟಿಯೇ ಗತಿಯಾಯಿತು. ಅದೇ ಪೀಠದಲ್ಲಿದ್ದ ಆರ್.ಎನ್. ಅಗರ್ವಾಲ್ ಹೆಚ್ಚುವರಿ ನ್ಯಾಯಮೂರ್ತಿ. ಅವರನ್ನು ಕಾಯಂ ಮಾಡಲಿಲ್ಲ. ಮತ್ತೆ ಸೆಷನ್ಸ್ ನ್ಯಾಯಾಧೀಶರ ಕುರ್ಚಿಗೆ ಇಳಿಸಿದರು. ಒಬ್ಬ ನ್ಯಾಯಮೂರ್ತಿ ಹೈಕೋರ್ಟಿನಿಂದ ಕೆಳಗಿಳಿದು ಹಳೆಯ ಕೋರ್ಟ್ ಹಾಲಿನಲ್ಲಿ ಕೂರುವುದನ್ನು ಅಲ್ಲಿನ ವಕೀಲರೂ ಕಕ್ಷಿದಾರರೂ ಕಣ್ಣಾರೆ ನೋಡಿದರು. ಮಿಕ್ಕ ನ್ಯಾಯಮೂರ್ತಿಗಳಿಗೆ ಬೇರೆ ಎಚ್ಚರಿಕೆ ಕೊಡುವ ಅಗತ್ಯವಿರಲಿಲ್ಲ.

ಈ ಗಾಯದ ನೆನಪೇ 1993ರ ತೀರ್ಪಿನ ಹಿಂದಿದೆ. ನೇಮಕದಲ್ಲಿ ಸರ್ಕಾರದ ಮಾತೇ ಅಂತಿಮ ಎಂದು 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 1993ರಲ್ಲಿ ಅದನ್ನು ತಿರುಗಿಸಿ ನ್ಯಾಯಮೂರ್ತಿಗಳೇ ಆರಿಸುವ ಕೊಲಿಜಿಯಂ ಪದ್ಧತಿಗೆ ದಾರಿ ಮಾಡಿತು. 1998ರಲ್ಲಿ ಅದಕ್ಕೆ ಮುಖ್ಯ ನ್ಯಾಯಮೂರ್ತಿ ಮತ್ತು ನಾಲ್ವರು ಹಿರಿಯರೆಂಬ ರೂಪ ಬಂತು. 2014ರ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರ್ 16ರಂದು 4–1ರಿಂದ ರದ್ದುಪಡಿಸಿದ್ದೂ ಅದೇ ಎಚ್ಚರದಿಂದ. ಆ ಎಚ್ಚರ ಸಕಾರಣವೇ. ಆರು ಸದಸ್ಯರ ಆಯೋಗದಲ್ಲಿ ಯಾವ ಇಬ್ಬರು ಬೇಡವೆಂದರೂ ಹೆಸರು ಬಿದ್ದುಹೋಗುವ ಏರ್ಪಾಡು ಒಪ್ಪತಕ್ಕದ್ದಾಗಿರಲಿಲ್ಲ. ಆದರೆ ಭಿನ್ನ ತೀರ್ಪಿನಲ್ಲಿ ಚೆಲಮೇಶ್ವರ್ ಎತ್ತಿದ ಗೋಪ್ಯತೆಯ ದೂರು ಇಂದಿಗೂ ಹಾಗೇ ಇದೆ.

2017ರ ಅಕ್ಟೋಬರ್‌ನಿಂದ ಕೊಲಿಜಿಯಂ ನಿರ್ಣಯಗಳು ಪ್ರಕಟವಾಗತೊಡಗಿದವು. 2023ರ ಜನವರಿಯಲ್ಲಿ, ಪ್ರಧಾನಿಯನ್ನು ಟೀಕಿಸಿದ ಲೇಖನವೊಂದನ್ನು ಹಂಚಿಕೊಂಡಿದ್ದ ಮದ್ರಾಸಿನ ವಕೀಲರೊಬ್ಬರ ಹೆಸರಿಗೆ ಸರ್ಕಾರ ಎತ್ತಿದ ಆಕ್ಷೇಪವನ್ನೂ, ಅಭಿಪ್ರಾಯ ಹೇಳುವುದು ಅನರ್ಹತೆಯಲ್ಲ ಎಂಬ ತನ್ನ ಉತ್ತರವನ್ನೂ ಕೊಲಿಜಿಯಂ ಬಹಿರಂಗಗೊಳಿಸಿತು. ಇದು ದೊಡ್ಡ ಹೆಜ್ಜೆ. ಕಾರಣ ಎದುರಿಗಿದ್ದರೆ ಅದು ಸರಿಯೋ ತಪ್ಪೋ ಎಂದು ನಾಗರಿಕರು ತೂಗಬಹುದು. ಆದರೆ ಇಂಥ ನಿರ್ಣಯ ಅಪರೂಪ. ಹೆಸರನ್ನು ಎರಡನೆಯ ಸಲ ಕಳಿಸಿದ ಮೇಲೂ ಕಡತ ದೆಹಲಿಯಲ್ಲಿ ಕೂತುಬಿಡುವುದು ಅಪರೂಪವಲ್ಲ.

ಹಾಗಾದರೆ ಆರಿಸುವಾಗ ನೋಡಬೇಕಾದದ್ದೇನು? ಜಿಲ್ಲಾ ನ್ಯಾಯಾಂಗದಿಂದ ಬರುವವರಾದರೆ ಜಾಮೀನು ಅರ್ಜಿಗಳಲ್ಲಿ, ಪೊಲೀಸ್ ಕಸ್ಟಡಿ ಕೇಳಿದಾಗ ಅವರು ಬರೆದ ಆದೇಶಗಳನ್ನು ತರಿಸಿ ಓದಬೇಕು. ವಕೀಲರಾದರೆ, ಜನಕ್ಕೆ ಬೇಡವಾದ ಕಕ್ಷಿದಾರನ ಪರ ನಿಂತದ್ದನ್ನು ಕಳಂಕವೆಂದು ಎಣಿಸಬಾರದು. ನನ್ನ ಮಟ್ಟಿಗೆ ಅದು ಅರ್ಹತೆ. ಇನ್ನು ಆರಿಸಿದ ಮೇಲಿನ ಭಯದ ಮಾತು. ಎರಡು ವರ್ಷದ ಹೆಚ್ಚುವರಿ ನೇಮಕವನ್ನು 224ನೆಯ ವಿಧಿ ಕೆಲಸದ ತಾತ್ಕಾಲಿಕ ಒತ್ತಡಕ್ಕೆಂದು ಇಟ್ಟಿತ್ತು. ಅದನ್ನೀಗ ಎಲ್ಲರೂ ಹಾಯಬೇಕಾದ ಪರೀಕ್ಷಾ ಅವಧಿಯಾಗಿ ಬಳಸುತ್ತಿದ್ದೇವೆ. ಇದು ನಿಲ್ಲಬೇಕು.

ವರ್ಗಾವಣೆಯ ವಿಷಯವೂ ಹಾಗೆಯೇ. ಅದು ಶಿಕ್ಷೆಯಾಗಬಾರದೆಂದು 1977ರ ಸಂಕಲ್‌ಚಂದ್ ಶೇಠ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಕಾರಣವೇ ಬರೆಯದ ಆದೇಶ ಶಿಕ್ಷೆಯೋ ಅಲ್ಲವೋ ಎಂದು ತಿಳಿಯುವುದು ಹೇಗೆ? 2017ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಜಯಂತ್ ಪಟೇಲ್ ಹಂಗಾಮಿ ಮುಖ್ಯ ನ್ಯಾಯಮೂರ್ತಿಯಾಗುವ ಹೊತ್ತಿಗೆ ಅಲಹಾಬಾದಿಗೆ ವರ್ಗಾವಣೆ ಬಂತು; ಅವರು ರಾಜೀನಾಮೆ ಕೊಟ್ಟರು, ಇಲ್ಲಿನ ವಕೀಲರು ಪ್ರತಿಭಟಿಸಿದರು. ಆಗ ಇದ್ದದ್ದು ಸರ್ಕಾರದ ಪದ್ಧತಿಯಲ್ಲ, ನ್ಯಾಯಮೂರ್ತಿಗಳೇ ನಡೆಸುವ ಕೊಲಿಜಿಯಂ. ಆ ಆದೇಶಕ್ಕೆ ಎರಡು ಸಾಲಿನ ಕಾರಣವನ್ನಾದರೂ ಜೊತೆಗೆ ಪ್ರಕಟಿಸಬೇಕಿತ್ತು, ಮುಂದಿನ ಪ್ರತಿಯೊಂದು ವರ್ಗಾವಣೆಯಲ್ಲೂ ಪ್ರಕಟಿಸಬೇಕು.