ಮಲತಾಯಿ, ಚೆಂಡು ಮತ್ತೆ ಒಂದು ತಲೆ: ನಮ್ಮ ಕಂಪ್ಲಿ ಕಥೆ

1/4
ಅಜ್ಜಿ ಕಥೆ ಅಂದ್ರೆ ಬರೀ ಗುಬ್ಬಿ-ಕಾಗೆ ಅನ್ಕೊಂಡಿದ್ದೀರಾ? ಹಂಗಾದ್ರೆ ಕುಮಾರರಾಮನ ಕಥೆ ಕೇಳ್ರಿ. ಕರೂರಿನ ನಮಗೆ ಇದು ದೂರದ್ದೇನಲ್ಲ. ಸಿರುಗುಪ್ಪಕ್ಕೆ ಬರೋ ತುಂಗಭದ್ರೆ ಮೊದ್ಲು ಕಂಪ್ಲಿ ದಾಟ್ಕೊಂಡೇ ಬರ್ತಾಳೆ. ಆ ಕಂಪ್ಲಿಯ ರಾಜಕುಮಾರ ಇವನು.

ಚೆಂಡಾಟ ಆಡೋವಾಗ ಚೆಂಡು ಹೋಗಿ ಮಲತಾಯಿ ರತ್ನಾಜಿ ಅರಮನೆಯಲ್ಲಿ ಬೀಳುತ್ತೆ. ತರೋಕೆ ಹೋದವನ ಮೇಲೆ ಆಕೆಗೆ ಮನಸಾಗುತ್ತೆ. ಇವನು ಒಲ್ಲೆ ಅಂತಾನೆ. ಆಕೆ ಗಂಡನ ಮುಂದೆ ಉಲ್ಟಾ ದೂರು ಹೇಳ್ತಾಳೆ. ಅಪ್ಪ ಕಂಪಿಲರಾಯ ವಿಚಾರಣೆ ಗಿಚಾರಣೆ ಏನಿಲ್ಲ, ಮಗನ ತಲೆ ತೆಗೀರಿ ಅಂತಾನೆ. ಮಂತ್ರಿ ಬೈಚಪ್ಪ ರಾಮನನ್ನ ನೆಲಮಾಳಿಗೆಯಲ್ಲಿ ಬಚ್ಚಿಟ್ಟು, ಬೇರೆ ಯಾರದೋ ತಲೆ ತಂದು ತೋರಿಸ್ತಾನೆ. (ಆ ‘ಯಾರದೋ’ ಯಾರ್ದು? ಕಥೆ ಕೇಳೋರು ಯಾರೂ ಕೇಳಲ್ಲ. ನಂಗಂತೂ ಅದೇ ತಲೆಯಲ್ಲಿ ಕೂತಿದೆ.) ಆಮೇಲೆ ದಿಲ್ಲಿ ಸೈನ್ಯ ಬಂದಾಗ ರಾಮ ಹೊರಗೆ ಬಂದು ಹೋರಾಡಿ ಸಾಯ್ತಾನೆ.

2/4
ಈಗ ಇತಿಹಾಸ. 1327ರ ಹೊತ್ತಿಗೆ ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯ ಕಂಪಿಲಿ ಮೇಲೆ ಬಂತು. ಕಾರಣ ಮಲತಾಯಿ ಅಲ್ಲ, ಚೆಂಡೂ ಅಲ್ಲ. ಸುಲ್ತಾನನ ಸಂಬಂಧಿ ಬಹಾವುದ್ದೀನ್ ಗುರ್ಶಾಸ್ಪ್ ದಂಗೆ ಎದ್ದು, ಸೋತು, ಕಂಪಿಲರಾಯನ ಹತ್ರ ಆಶ್ರಯ ಕೇಳ್ದ. ರಾಯ ಕೊಟ್ಟ.

ಕೆಲವೇ ವರ್ಷ ಆದ್ಮೇಲೆ ಭಾರತಕ್ಕೆ ಬಂದ ಇಬ್ನ್ ಬತೂತ ಇದನ್ನ ಬರೆದಿದ್ದಾನೆ. ಕೋಟೆಯಲ್ಲಿ ಕಾಳು ಮುಗೀತು. ರಾಯ ಅತಿಥಿಯನ್ನ ಹೊಯ್ಸಳರ ಕಡೆ ಕಳಿಸಿದ. ಆಮೇಲೆ ಬೆಂಕಿ ಹಾಕಿಸಿದ, ಹೆಂಗಸರು ಅದಕ್ಕೆ ಬಿದ್ರು, ರಾಯ ಹೊರಗೆ ಬಂದು ಹೋರಾಡಿ ಸತ್ತ. ಹೊಯ್ಸಳರು ಆ ಅತಿಥಿಯನ್ನ ಹಿಡಿದು ಒಪ್ಪಿಸಿಬಿಟ್ರು, ಸುಲ್ತಾನ ಅವನ ಚರ್ಮ ಸುಲಿಸಿದ. ರಾಯನ ಗಂಡುಮಕ್ಕಳು ಸೆರೆಯಾಗಿ ದಿಲ್ಲಿ ಸೇರಿದ್ರು, ಅವರಲ್ಲಿ ಕೆಲವರನ್ನ ತಾನೇ ನೋಡಿದೀನಿ ಅಂತಾನೆ. ರತ್ನಾಜಿ ಅದರಲ್ಲಿ ಎಲ್ಲೂ ಇಲ್ಲ.

3/4
ನೋಡಿದ್ರಾ? ಸುಡೋ ಬೆಂಕಿ, ಮುತ್ತಿಗೆ, ಹಸಿವು ಎಲ್ಲಾ ಹಿಂದೆ ಸರಿದು, ತಪ್ಪೆಲ್ಲಾ ಒಬ್ಬ ಹೆಂಗಸಿನ ತಲೆಗೆ ಬಂತು. ನಮ್ಮಲ್ಲಿ ಮಾತ್ರ ಹಿಂಗಲ್ಲ. ಜರ್ಮನಿಯ ಗ್ರಿಮ್ ಸಹೋದರರ 1812ರ ಪುಸ್ತಕದಲ್ಲಿ ಸ್ನೋ ವೈಟ್‌ನ ಕೊಲ್ಲಿಸೋಕೆ ಹೊರಟವಳು ಹೆತ್ತ ತಾಯಿ. 1819ರ ಮುದ್ರಣಕ್ಕೆ ಅವಳನ್ನ ಮಲತಾಯಿ ಮಾಡಿದ್ರು. ಹಿಂಸೆ ಅಷ್ಟೇ ಉಳೀತು, ಹೆಸರು ಬದಲಾಯ್ತು! ಕಂಪಿಲರಾಯನ ವಿಷಯಕ್ಕೆ ಬಂದ್ರೆ, ವಿಚಾರಿಸದೆ ಕತ್ತಿ ಎತ್ತಿದ ಅಪ್ಪನಿಗೆ ಕಥೆ ಸುಲಭವಾಗಿ ಮಾಫಿ ಕೊಟ್ಟಿದೆ ಅಂತ ನನ್ನ ಅಭಿಪ್ರಾಯ.

4/4
ಆದ್ರೂ ಕಥೆ ನಂಗಿಷ್ಟ. 16ನೇ ಶತಮಾನದ ಕವಿ ನಂಜುಂಡ ಇವನ ಮೇಲೆ ಇಡೀ ಸಾಂಗತ್ಯ ಕಾವ್ಯ ಬರೆದ. ಮಲೆನಾಡಿನ ಊರುಗಳಲ್ಲಿ ಇವನ ಮರದ ಮುಖ ಇಟ್ಟು ಪೂಜೆ ಮಾಡ್ತಾರೆ. ಜನ ಇವನನ್ನ ‘ಪರನಾರಿ ಸೋದರ’ ಅಂತ ನೆನೀತಾರೆ, ಅಂದ್ರೆ ಎಷ್ಟು ಜನರನ್ನ ಕೊಂದ ಅನ್ನೋದಕ್ಕಲ್ಲ, ಒಲ್ಲೆ ಅಂದಿದ್ದಕ್ಕೆ. ಬೈಚಪ್ಪನೂ ರಾಜನಿಗೆ ಒಳಗೊಳಗೇ ಒಲ್ಲೆ ಅಂದವನೇ. ಇತಿಹಾಸದ ರಾಯನೂ ಸುಲ್ತಾನನಿಗೆ ಹೇಳಿದ್ದು ಅದೇ ಮಾತು.

ನಿಮ್ಮನೇಲಿ ಈ ಕಥೆ ಹೇಳೋವಾಗ ರತ್ನಾಜಿಗೆ ಕೊನೆಗೆ ಏನ್ ಮಾಡ್ತಾರೆ? ಅಜ್ಜಿನ ಕೇಳಿ ಕಾಮೆಂಟ್ ಹಾಕ್ರಿ.

#ಕಂಪ್ಲಿ #ಕುಮಾರರಾಮ #ನಮ್ಮಬಳ್ಳಾರಿ