ಹಳದಿ ಮಾರ್ಗದ ಮೆಟ್ರೊ ನಿಲ್ದಾಣಗಳು: ಪ್ರಯಾಣಿಕರು ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರು: ನಗರದ ದಕ್ಷಿಣ ಭಾಗವನ್ನು ಎಲೆಕ್ಟ್ರಾನಿಕ್ ಸಿಟಿಯೊಂದಿಗೆ ಬೆಸೆಯುವ 'ನಮ್ಮ ಮೆಟ್ರೊ' ಹಳದಿ ಮಾರ್ಗವು 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡು, ಮರುದಿನದಿಂದಲೇ ಸಾರ್ವಜನಿಕರ ಬಳಕೆಗೆ ತೆರೆಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಈ ಮಾರ್ಗದ ಉದ್ದ 19.15 ಕಿ.ಮೀ. ನಿಲ್ದಾಣಗಳು 16. ಅದುವರೆಗೆ ಸಿಲ್ಕ್ ಬೋರ್ಡ್ ವೃತ್ತದ ವಾಹನ ದಟ್ಟಣೆಯಲ್ಲಿ ದಿನವೂ ಸಿಲುಕುತ್ತಿದ್ದ ಸಾವಿರಾರು ಮಂದಿಗೆ ಮೆಟ್ರೊ ನಿತ್ಯದ ಸಾರಿಗೆಯಾಯಿತು. ಅವರಲ್ಲಿ ಮೊದಲ ಬಾರಿಗೆ ಮೆಟ್ರೊ ನಿಲ್ದಾಣದ ಮೆಟ್ಟಿಲೇರಿದವರೂ ಇದ್ದಾರೆ. ಇಂಥ ಹೊಸ ನಿಲ್ದಾಣಗಳಲ್ಲಿ ಪ್ರಯಾಣಿಕರಿಗಿರುವ ಸೌಲಭ್ಯಗಳೇನು, ಅಪಾಯಗಳೆಲ್ಲಿವೆ, ತುರ್ತು ಸಂದರ್ಭದಲ್ಲಿ ಮಾಡಬೇಕಾದುದೇನು ಎಂಬ ಮಾಹಿತಿ ಇಲ್ಲಿದೆ.

ತೆರೆಯುವ ಮುನ್ನ ಪರೀಕ್ಷೆ

2002ರ ಮೆಟ್ರೊ ರೈಲ್ವೆ (ಕಾರ್ಯಾಚರಣೆ ಮತ್ತು ನಿರ್ವಹಣೆ) ಕಾಯ್ದೆಯ ಪ್ರಕಾರ, ಸುರಕ್ಷತಾ ಆಯುಕ್ತರ ತಪಾಸಣೆಯಾಗದೆ ಯಾವ ಮೆಟ್ರೊ ಮಾರ್ಗದಲ್ಲಿಯೂ ಪ್ರಯಾಣಿಕರನ್ನು ಕರೆದೊಯ್ಯುವಂತಿಲ್ಲ. ಹಳದಿ ಮಾರ್ಗದ ತಪಾಸಣೆ 2025ರ ಜುಲೈನಲ್ಲಿ ನಡೆಯಿತು. ಹಳಿ, ಸಿಗ್ನಲ್, ವಿದ್ಯುತ್, ಅಗ್ನಿಶಾಮಕ ವ್ಯವಸ್ಥೆ, ತುರ್ತು ನಿರ್ಗಮನ ಮುಂತಾದವು ಇಂಥ ತಪಾಸಣೆಯ ವ್ಯಾಪ್ತಿಗೆ ಬರುತ್ತವೆ.

ನಿಲ್ದಾಣಗಳ ವಿನ್ಯಾಸದಲ್ಲಿ ಜನರನ್ನು ತ್ವರಿತವಾಗಿ ತೆರವುಗೊಳಿಸುವುದಕ್ಕೆ ಪ್ರಾಮುಖ್ಯವಿದೆ. ಮೆಟ್ರೊ ವಿನ್ಯಾಸಕಾರರು ವ್ಯಾಪಕವಾಗಿ ಅನುಸರಿಸುವ ಅಂತರರಾಷ್ಟ್ರೀಯ ಅಗ್ನಿ ಸುರಕ್ಷತಾ ಮಾನದಂಡದಂತೆ, ಪ್ಲಾಟ್‌ಫಾರಂನಲ್ಲಿರುವವರು 4 ನಿಮಿಷದೊಳಗೆ ಅಲ್ಲಿಂದ ಹೊರಬರಬೇಕು; 6 ನಿಮಿಷದೊಳಗೆ ಸುರಕ್ಷಿತ ಸ್ಥಳ ತಲುಪಬೇಕು. ಮೆಟ್ಟಿಲುಗಳ ಅಗಲ ಮತ್ತು ನಿರ್ಗಮನ ದ್ವಾರಗಳ ಸಂಖ್ಯೆ ಈ ಲೆಕ್ಕಾಚಾರದಿಂದಲೇ ನಿರ್ಧಾರವಾಗುತ್ತವೆ. ಆದುದರಿಂದ ಮೆಟ್ಟಿಲುಗಳ ಮೇಲೆ ಕುಳಿತುಕೊಳ್ಳುವುದು, ಸಾಮಾನು ಇಡುವುದು ಶಿಸ್ತಿನ ಪ್ರಶ್ನೆಯಷ್ಟೇ ಅಲ್ಲ, ಜೀವರಕ್ಷಣೆಯ ಪ್ರಶ್ನೆಯೂ ಹೌದು.

ಮೂರನೇ ಹಳಿಯ ಅಪಾಯ

ಸಾಮಾನ್ಯ ರೈಲು ಮಾರ್ಗಗಳಲ್ಲಿ ವಿದ್ಯುತ್ ತಂತಿ ತಲೆಯ ಮೇಲಿರುತ್ತದೆ. ನಮ್ಮ ಮೆಟ್ರೊದಲ್ಲಿ ಹಾಗಲ್ಲ. ಇಲ್ಲಿ ಹಳಿಗಳ ಪಕ್ಕದಲ್ಲಿ, ನೆಲಮಟ್ಟಕ್ಕೆ ಸಮೀಪದಲ್ಲಿ ಅಳವಡಿಸಿರುವ 'ಮೂರನೇ ಹಳಿ'ಯಲ್ಲಿ 750 ವೋಲ್ಟ್ ನೇರ ವಿದ್ಯುತ್ ಹರಿಯುತ್ತದೆ. ಊರಿನ ರೈಲು ನಿಲ್ದಾಣದಲ್ಲಿ ಹಳಿ ದಾಟಿ ಅಭ್ಯಾಸವಿರುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ರೈಲು ದೂರದಲ್ಲಿದ್ದರೂ ಹಳಿಗಿಳಿದವರ ಪ್ರಾಣಕ್ಕೆ ಅಪಾಯವಿದೆ.

ಇದು ಕಲ್ಪಿತ ಆತಂಕವಲ್ಲ. 2024ರ ಜನವರಿಯಲ್ಲಿ ಇಂದಿರಾನಗರ ನಿಲ್ದಾಣದಲ್ಲಿ ಮಹಿಳೆಯೊಬ್ಬರು ಕೈಜಾರಿ ಬಿದ್ದ ಮೊಬೈಲ್ ಫೋನ್ ತೆಗೆದುಕೊಳ್ಳಲು ಹಳಿಗೆ ಇಳಿದಿದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಬೈಯಪ್ಪನಹಳ್ಳಿ ನಿಲ್ದಾಣದಲ್ಲಿ ಪುಟ್ಟ ಮಗುವೊಂದು ಹಳಿಯ ಮೇಲೆ ಬಿತ್ತು. ಸಿಬ್ಬಂದಿ ಕೂಡಲೇ ವಿದ್ಯುತ್ ಕಡಿತಗೊಳಿಸಿದ್ದರಿಂದ ಅನಾಹುತ ತಪ್ಪಿತು. ಹಳಿಯ ವಿದ್ಯುತ್ತನ್ನು ಕ್ಷಣಾರ್ಧದಲ್ಲಿ ನಿಲ್ಲಿಸುವ ಈ ತುರ್ತು ಗುಂಡಿಗಳು ಪ್ಲಾಟ್‌ಫಾರಂನಲ್ಲಿಯೇ ಇರುತ್ತವೆ. ಅಕಾರಣವಾಗಿ ಒತ್ತುವುದು ಶಿಕ್ಷಾರ್ಹವಾದರೂ, ಕಣ್ಣೆದುರು ಯಾರಾದರೂ ಬಿದ್ದಾಗ ಅದು ಎಲ್ಲಿದೆ ಎಂದು ತಿಳಿದಿರುವುದು ಪ್ರತಿಯೊಬ್ಬರಿಗೂ ಅಗತ್ಯ.

ಅನುಮತಿಯಿಲ್ಲದೆ ಹಳಿಯ ಮೇಲೆ ನಡೆದವರಿಗೆ 6 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು 2002ರ ಕಾಯ್ದೆಯಲ್ಲಿ ಅವಕಾಶವಿದೆ. ದಂಡದ ಮೊತ್ತ ಇಂದಿನ ಕಾಲಕ್ಕೆ ಅಲ್ಪವೆನಿಸಬಹುದು. ಆದರೆ ಕಳೆದುಕೊಳ್ಳಬೇಕಾದುದು ಹಣವಲ್ಲ, ಪ್ರಾಣ ಎಂಬುದನ್ನು ಮರೆಯಬಾರದು.

ಇದಕ್ಕೆ ಶಾಶ್ವತ ಪರಿಹಾರವೆಂದರೆ ಪ್ಲಾಟ್‌ಫಾರಂ ಅಂಚಿನಲ್ಲಿ ರೈಲು ನಿಂತಾಗ ಮಾತ್ರ ತೆರೆದುಕೊಳ್ಳುವ ತಡೆ ಬಾಗಿಲುಗಳು. ಕಾಳೇನ ಅಗ್ರಹಾರ–ನಾಗವಾರ ನಡುವಿನ ಗುಲಾಬಿ ಮಾರ್ಗದ 12 ಸುರಂಗ ನಿಲ್ದಾಣಗಳ ಯೋಜನೆಯಲ್ಲಿ ಇವುಗಳನ್ನು ಸೇರಿಸಲಾಗಿದೆ. ಇಂಥ ಬಾಗಿಲುಗಳಿಲ್ಲದ ನಿಲ್ದಾಣಗಳಲ್ಲಿ ಪ್ಲಾಟ್‌ಫಾರಂ ಅಂಚಿನ ಹಳದಿ ಗೆರೆಯೇ ಲಕ್ಷ್ಮಣರೇಖೆ.

ಚಾಲಕರಹಿತ ತಂತ್ರಜ್ಞಾನ

ಹಳದಿ ಮಾರ್ಗದ ಆರು ಬೋಗಿಗಳ ರೈಲುಗಳನ್ನು ಚಾಲಕರಿಲ್ಲದೆಯೂ ಓಡಬಲ್ಲ ತಂತ್ರಜ್ಞಾನದಿಂದ ರೂಪಿಸಲಾಗಿದೆ. ರೈಲು ಮತ್ತು ನಿಯಂತ್ರಣ ಕೇಂದ್ರದ ನಡುವೆ ನಿರಂತರ ರೇಡಿಯೊ ಸಂಪರ್ಕವಿದ್ದು, ಎರಡು ರೈಲುಗಳ ನಡುವಿನ ಅಂತರವನ್ನು ವ್ಯವಸ್ಥೆಯೇ ಕಾಯ್ದುಕೊಳ್ಳುತ್ತದೆ. ಬೋಗಿಯೊಳಗೆ ಯಾರಿಗಾದರೂ ಅಸ್ವಸ್ಥತೆ ಉಂಟಾದರೆ ಅಥವಾ ಕಿರುಕುಳ ಎದುರಾದರೆ ಬಾಗಿಲ ಬಳಿಯ ತುರ್ತು ಸಂಪರ್ಕ ಗುಂಡಿಯನ್ನು ಒತ್ತಿ ಮಾತನಾಡಬಹುದು. ಮೊದಲ ಬೋಗಿ ಮಹಿಳೆಯರಿಗೆ ಮೀಸಲು.

ಒಂದು ಸಂಗತಿ ಗಮನಾರ್ಹ. ರೈಲ್ವೆ ಸಹಾಯವಾಣಿ 139 ಭಾರತೀಯ ರೈಲ್ವೆಗೆ ಸೇರಿದ್ದು, ಮೆಟ್ರೊಗೆ ಅನ್ವಯಿಸುವುದಿಲ್ಲ. ನಿಲ್ದಾಣದಲ್ಲಿ ಸಿಬ್ಬಂದಿ ಸಿಗದಿದ್ದಲ್ಲಿ ತುರ್ತು ಸೇವೆಯ 112ಕ್ಕೆ ಕರೆ ಮಾಡುವುದು ಸೂಕ್ತ.

ಅಂಗವಿಕಲರು, ಹಿರಿಯರಿಗೆ

ನಿಲ್ದಾಣಗಳಲ್ಲಿ ಲಿಫ್ಟ್, ಎಸ್ಕಲೇಟರ್, ಇಳಿಜಾರು ದಾರಿಗಳಿವೆ. ನೆಲದ ಮೇಲಿನ ಉಬ್ಬುಗೆರೆಯ ಹಳದಿ ಹಾಸುಗಳು ಅಲಂಕಾರಕ್ಕಲ್ಲ. ದೃಷ್ಟಿದೋಷವುಳ್ಳವರು ಕೋಲಿನ ಅಥವಾ ಪಾದದ ಸ್ಪರ್ಶದಿಂದ ದಾರಿ ಗುರುತಿಸಲು ಇವೆ. ಉದ್ದಗೆರೆಗಳು ಮುಂದೆ ಸಾಗಲು ಸೂಚಿಸಿದರೆ, ಚುಕ್ಕಿಗಳು ನಿಲ್ಲಲು ಎಚ್ಚರಿಸುತ್ತವೆ. ಅವುಗಳ ಮೇಲೆ ನಿಂತು ಹರಟುವುದು ಇನ್ನೊಬ್ಬರ ದಾರಿಯನ್ನು ಮುಚ್ಚಿದಂತೆ. ಸೀರೆ, ದುಪಟ್ಟಾ ಧರಿಸಿದವರು ಎಸ್ಕಲೇಟರ್‌ನಲ್ಲಿ ಸೆರಗಿನ ಬಗ್ಗೆ ಎಚ್ಚರ ವಹಿಸಬೇಕು. ಮಕ್ಕಳ ಕೈಯನ್ನು ಪ್ಲಾಟ್‌ಫಾರಂನಲ್ಲಿ ಬಿಡಬಾರದು.

ರೈಲಿನ ಸಂಖ್ಯೆಯೂ ಸುರಕ್ಷತೆಯೇ

ಅನುಕೂಲ ಮತ್ತು ಸುರಕ್ಷತೆ ಬೇರೆಬೇರೆಯಲ್ಲ ಎಂಬುದಕ್ಕೆ ಈ ಮಾರ್ಗದ ಆರಂಭದ ದಿನಗಳೇ ಸಾಕ್ಷಿ. ಬೋಗಿಗಳ ಪೂರೈಕೆ ವಿಳಂಬವಾಗಿದ್ದರಿಂದ ಕೇವಲ ಮೂರು ರೈಲುಗಳೊಂದಿಗೆ, 25 ನಿಮಿಷಕ್ಕೊಂದರಂತೆ ಸಂಚಾರ ಶುರುವಾಯಿತು. ಒಂದು ರೈಲು ತಪ್ಪಿದರೆ ಇಷ್ಟು ಹೊತ್ತು ಕಾಯಬೇಕಾದಾಗ ಜನ ಓಡುತ್ತಾರೆ, ಮುಚ್ಚುವ ಬಾಗಿಲಿಗೆ ಕೈಯೊಡ್ಡುತ್ತಾರೆ, ಪ್ಲಾಟ್‌ಫಾರಂ ಕಿಕ್ಕಿರಿಯುತ್ತದೆ. ಮುಂದಿನ ತಿಂಗಳುಗಳಲ್ಲಿ ರೈಲುಗಳು ಒಂದೊಂದಾಗಿ ಸೇರಿದಂತೆ ಈ ಅಂತರ ತಗ್ಗುತ್ತಾ ಬಂದಿತು. ಹಸಿರು ಮಾರ್ಗದೊಂದಿಗೆ ಸೇರುವ ಆರ್.ವಿ. ರಸ್ತೆ ನಿಲ್ದಾಣದಲ್ಲಿ ಮಾರ್ಗ ಬದಲಿಸುವವರು ಹೊರಹೋಗಿ ಮತ್ತೆ ಟಿಕೆಟ್ ಪಡೆಯಬೇಕಾಗಿಲ್ಲ. ಇಳಿಯುವವರಿಗೆ ಮೊದಲು ದಾರಿ ಬಿಟ್ಟರೆ ಇಲ್ಲಿನ ನೂಕುನುಗ್ಗಲು ಅರ್ಧದಷ್ಟಾದರೂ ತಪ್ಪೀತು.

ನಿಲ್ದಾಣದ ಆಚೆಗೆ

ಪ್ರಯಾಣ ಮುಗಿಯುವುದು ನಿಲ್ದಾಣದಲ್ಲಲ್ಲ, ಮನೆ ಬಾಗಿಲಲ್ಲಿ. ಹೊಸೂರು ರಸ್ತೆಯಂತಹ ವೇಗದ ಹೆದ್ದಾರಿಯ ಬದಿಯಲ್ಲಿ ರಾತ್ರಿ ಇಳಿಯುವವರಿಗೆ ಬೆಳಕಿರುವ ಪಾದಚಾರಿ ಮಾರ್ಗ, ರಸ್ತೆ ದಾಟಲು ಸುರಕ್ಷಿತ ವ್ಯವಸ್ಥೆ, ಸಮೀಪದಲ್ಲೇ ಬಸ್ಸು ಬೇಕು. ಇವೆಲ್ಲ ಮೆಟ್ರೊ ನಿಗಮವೊಂದರಿಂದ ಆಗುವ ಕೆಲಸವಲ್ಲ. ಪಾಲಿಕೆ, ಸಂಚಾರ ಪೊಲೀಸರು ಹಾಗೂ ಬಿಎಂಟಿಸಿ ಕೈಜೋಡಿಸಬೇಕು. ಪ್ರಯಾಣಿಕರೂ ಸಮಯ ಉಳಿಸಲು ರಸ್ತೆ ವಿಭಜಕ ಹಾರುವ ಬದಲು, ನಿಲ್ದಾಣದ ಫಲಕ ನೋಡಿ ತಾವು ಹೋಗಬೇಕಾದ ಬದಿಯ ನಿರ್ಗಮನ ದ್ವಾರವನ್ನು ಆರಿಸಿಕೊಳ್ಳುವುದು ಒಳಿತು.