ಕೊರಳುಳಿಸಿದ ಕೀರ್ತನೆ

ಬೂದಿ ಬುಧವಾರದ ಆರಾಧನೆಯಲ್ಲಿ ನಾವು 51ನೆಯ ಕೀರ್ತನೆಯನ್ನು ತಲೆಬಾಗಿ ಓದುತ್ತೇವೆ. ಟ್ಯೂಡರ್ ಅರಸರ ಇಂಗ್ಲೆಂಡಿನಲ್ಲಿ ಅದೇ ಕೀರ್ತನೆಯ ಮೊದಲ ವಚನವನ್ನು ಮರಣದಂಡನೆಗೆ ಗುರಿಯಾದ ಅಪರಾಧಿಗಳು ನ್ಯಾಯಪೀಠದ ಮುಂದೆ ನಿಂತು ಓದುತ್ತಿದ್ದರು. ಓದಬಲ್ಲವನ ಪ್ರಾಣ ಉಳಿಯುತ್ತಿತ್ತು. ಜನರು ಅದಕ್ಕೆ ‘ಕೊರಳಿನ ವಚನ’ವೆಂದೇ ಹೆಸರಿಟ್ಟಿದ್ದರು.

ಇದರ ಬೇರು ಮಧ್ಯಯುಗದಲ್ಲಿದೆ. ಅಪರಾಧವೆಸಗಿದ ಯಾಜಕನನ್ನು ಅರಸನ ನ್ಯಾಯಾಲಯವು ದಂಡಿಸಬಹುದೇ ಎಂಬ ಪ್ರಶ್ನೆಯೇ ಎರಡನೆಯ ಹೆನ್ರಿಗೂ ಆರ್ಚ್‌ಬಿಷಪ್ ಥಾಮಸ್ ಬೆಕೆಟನಿಗೂ ನಡುವೆ ಕಲಹವೆಬ್ಬಿಸಿತು. 1170ರಲ್ಲಿ ಬೆಕೆಟನು ಹತನಾದ ಮೇಲೆ ಅರಸನು ಹಿಂದೆ ಸರಿಯಬೇಕಾಯಿತು. ಯಾಜಕರನ್ನು ಬಿಷಪರ ವಶಕ್ಕೆ ಒಪ್ಪಿಸುವ ರೂಢಿ ನೆಲೆಯೂರಿತು. ಆ ಕಾಲದಲ್ಲಿ ಓದು ಬಹುಮಟ್ಟಿಗೆ ಯಾಜಕರ ಸೊತ್ತಾಗಿದ್ದುದರಿಂದ, ಓದಬಲ್ಲವನನ್ನು ಯಾಜಕನೆಂದೇ ಎಣಿಸುವ ಪದ್ಧತಿಯೂ ಕ್ರಮೇಣ ಬೆಳೆಯಿತು. ಅಚ್ಚಿನ ಪುಸ್ತಕಗಳು ಹರಡಿದಂತೆ ಈ ಆಶ್ರಯಕ್ಕೆ ಬರುವ ಗೃಹಸ್ಥರೂ ಹೆಚ್ಚಿದರು. 1489ರ ಶಾಸನವು ಅಂಥವರಿಗೆ ಒಂದೇ ಬಾರಿ ಈ ವಿನಾಯಿತಿಯೆಂದು ಕಟ್ಟುಮಾಡಿ, ಗುರುತಿಗಾಗಿ ಹೆಬ್ಬೆರಳಿಗೆ ಬರೆ ಹಾಕಿಸಿತು. ನಾಟಕಕಾರ ಬೆನ್ ಜಾನ್ಸನ್ 1598ರಲ್ಲಿ ದ್ವಂದ್ವಯುದ್ಧದಲ್ಲಿ ಗೇಬ್ರಿಯಲ್ ಸ್ಪೆನ್ಸರ್ ಎಂಬ ನಟನನ್ನು ಕೊಂದು, ಓದಿನ ಬಲದಿಂದಲೇ ಬದುಕಿಕೊಂಡನು, ಬರೆಯನ್ನು ಹೊತ್ತನು.

ಓದು ಬಾರದವನ ಗತಿಯೇನು? 12 ಪೆನ್ಸಿಗಿಂತ ಹೆಚ್ಚು ಬೆಲೆಯ ವಸ್ತುವನ್ನು ಕದ್ದರೆ ಕಾನೂನಿನಂತೆ ಮರಣದಂಡನೆ. ಕೆಲವರು ಆ ವಚನವನ್ನು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರಂತೆ. ಅದನ್ನು ವಂಚನೆಯೆಂದು ಕರೆಯಲು ನಮಗೆ ಮನಸ್ಸಾಗದು. ಸ್ತ್ರೀಯರಾದರೋ ಯಾಜಕರಾಗಲಾರರೆಂಬ ಕಾರಣದಿಂದ, ಓದು ಬಲ್ಲವರಾದರೂ ಹೊರಗುಳಿದರು. 1624ರಲ್ಲಿ 10 ಶಿಲಿಂಗಿಗಿಂತ ಕಡಿಮೆ ಬೆಲೆಯ ಕಳವಿನ ಮಟ್ಟಿಗೆ ಅವರಿಗೂ ರಿಯಾಯಿತಿ ದೊರೆಯಿತು. ಪೂರ್ಣ ಸಮಾನತೆಗೆ ಆ ಶತಮಾನದ ಕೊನೆಯ ದಶಕದವರೆಗೆ ಕಾಯಬೇಕಾಯಿತು.

ನಮ್ಮನ್ನು ಹೆಚ್ಚಾಗಿ ಕಾಡುವ ಸಂಗತಿ ಬೇರೆಯಿದೆ. ಎಂಟನೆಯ ಹೆನ್ರಿ ಮತ್ತು ಆರನೆಯ ಎಡ್ವರ್ಡರ ಶಾಸನಗಳು ಪೂರ್ವಯೋಜಿತ ಕೊಲೆಯನ್ನು ಈ ವಿನಾಯಿತಿಯಿಂದ ಹೊರಗಿಟ್ಟವು. ಅರಸರ ದೃಷ್ಟಿಯಲ್ಲಿ ಇದು ಯುಕ್ತವೇ, ನಾವೂ ಅಲ್ಲಗಳೆಯೆವು. ಆದರೆ ಕೀರ್ತನೆಯ ತಲೆಬರಹವನ್ನು ನೋಡಿರಿ: ನಾತಾನನು ಬಂದು ದಾವೀದನನ್ನು ಖಂಡಿಸಿದಾಗಿನ ಪ್ರಾರ್ಥನೆಯಿದು. ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಲು ಪತ್ರ ಬರೆದು, ಅದನ್ನು ಅವನ ಕೈಯಲ್ಲೇ ಕಳುಹಿಸಿದವನು ದಾವೀದನು. ಟ್ಯೂಡರ್ ನ್ಯಾಯಪೀಠದ ಮುಂದೆ ನಿಂತಿದ್ದರೆ, ತನ್ನದೇ ಪ್ರಾರ್ಥನೆ ಅವನ ಕೊರಳನ್ನು ಉಳಿಸುತ್ತಿರಲಿಲ್ಲ.

ಸಭೆಯೂ ಇದರಲ್ಲಿ ಕೇವಲ ಪ್ರೇಕ್ಷಕವಾಗಿರಲಿಲ್ಲ. ಕೈದಿಯು ಓದುವಾಗ ಬಿಷಪರ ಪ್ರತಿನಿಧಿ ಬಳಿಯಲ್ಲಿರುತ್ತಿದ್ದನು, ‘ಓದಿದನೋ ಇಲ್ಲವೋ?’ ಎಂದು ನ್ಯಾಯಾಧಿಪತಿ ಕೇಳಿದರೆ ಉತ್ತರಿಸಬೇಕಾದವನು ಅವನೇ. ಪಶ್ಚಾತ್ತಾಪ ಪಟ್ಟನೇ ಎಂದು ಯಾರೂ ಅವನನ್ನು ಕೇಳುತ್ತಿರಲಿಲ್ಲ. 1576ರಲ್ಲಿ ಅಪರಾಧಿಗಳನ್ನು ಬಿಷಪರಿಗೆ ಒಪ್ಪಿಸುವುದು ನಿಂತಿತು, ಓದಿನ ಪರೀಕ್ಷೆ ಮಾತ್ರ ಉಳಿಯಿತು. ಅದು ರದ್ದಾದದ್ದು 1706ರಲ್ಲಿ.